ಜಾಲಿ ಗಿಡದ ಹಿಂದಿನ ಬೋರ್ಡು

ಹಬ್ಬಕ್ಕೆ ಊರಿಗೆ ಹೋದಾಗ ನಮ್ಮೂರ ಕ್ರಾಸಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ಊರಿನ ರಸ್ತೆ ಹೆದ್ದಾರಿಗೆ ಸೇರುವ ಜಾಗ ಅದು. ಹೋದ ವರ್ಷ ಪಕ್ಕದ ಮನೆಯ ಹುಡುಗ ಡೇರಿಗೆ ಹಾಲು ಹಾಕಿ ಬರುವಾಗ ಅಲ್ಲೇ ಲಾರಿಗೆ ಸಿಕ್ಕಿ ತೀರಿಕೊಂಡ. 'ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ' ಎಂದು ಡ್ರೈವರ್ ಮೇಲೆ ಕೇಸಾಯಿತು. ರಸ್ತೆಯ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ.

ಪಕ್ಕದಿಂದ ರಸ್ತೆ ಸೇರುತ್ತದೆ ಎಂದು ಹೇಳುವ ತ್ರಿಕೋನದ ಬೋರ್ಡು ಹೆದ್ದಾರಿಯಲ್ಲಿ ಇದೆ. ಆದರೆ ಜಾಲಿ ಗಿಡ ಅದನ್ನು ಪೂರ್ತಿ ಮುಚ್ಚಿದೆ. ಕೊಂಬೆ ಸರಿಸಿ ನೋಡಿದೆ. ಹೆಡ್‌ಲೈಟ್ ಬಿದ್ದರೆ ಹೊಳೆಯಬೇಕಾದ ಹಾಳೆ ಸಿಪ್ಪೆಯ ಹಾಗೆ ಎದ್ದಿದೆ. ನಮ್ಮೂರ ಕಡೆಯಿಂದ ಬರುವವರಿಗೆ ಸ್ಟಾಪ್ ಬೋರ್ಡು ಇರಬೇಕು. ಅಲ್ಲಿ ಬರೀ ಕಂಬ ನಿಂತಿದೆ. ಆ ಬೋರ್ಡಿಗೆ ಎಂಟು ಮೂಲೆ ಇರುವುದೇ ಧೂಳು ಹಿಡಿದರೂ, ಅಕ್ಷರ ಮಾಸಿದರೂ ಆಕಾರದಿಂದಲೇ ಗುರುತು ಸಿಗಲಿ ಅಂತ. ತಗಡೇ ಇಲ್ಲದಿದ್ದರೆ ಆಕಾರ ಎಲ್ಲಿಂದ ಬರಬೇಕು? ಎರಡು ವರ್ಷದ ಹಿಂದೆ ಡಾಂಬರು ಹಾಕಿದಾಗ ನಿಲ್ಲುವ ಬಿಳಿ ಗೆರೆಯೂ ಮುಚ್ಚಿಹೋಯಿತು. ಮತ್ತೆ ಯಾರೂ ಬಳಿಯಲಿಲ್ಲ.

ಗಂಟೆಗೆ 80 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಆ ವೇಗದಲ್ಲಿ ಎದುರಿಗೆ ಬಂದದ್ದನ್ನು ಕಂಡು ನಿಲ್ಲಿಸಲು 120 ಮೀಟರ್ ಬೇಕು ಎನ್ನುತ್ತದೆ ರಸ್ತೆಗಳಿಗೆ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ. ನಾನು ಹೆಜ್ಜೆ ಹಾಕಿ ಅಳೆದೆ. ನಮ್ಮೂರಿಂದ ಬರುವ ಬೈಕು ಗಿಡದ ಮರೆ ಬಿಟ್ಟು ಲಾರಿಯವನಿಗೆ ಕಾಣುವಾಗ ಉಳಿಯುವುದು ಐವತ್ತು ಹೆಜ್ಜೆ! ಅವನು ಎಷ್ಟೇ ಹುಷಾರಿನ ಡ್ರೈವರ್ ಆಗಿದ್ದರೂ ಏನು ಮಾಡಬೇಕಿತ್ತು? ವೇಗ ಜಾಸ್ತಿ ಇತ್ತು ಅಂತಲೇ ಇಟ್ಟುಕೊಳ್ಳಿ. ಮುಂದೆ ಕ್ರಾಸ್ ಇದೆ, ನಿಧಾನ ಮಾಡು ಎಂದು ಅವನಿಗೆ ಹೇಳಬೇಕಾದ್ದು ಆ ಬೋರ್ಡೇ ಅಲ್ವಾ?

ಕಾನೂನು ಇಲ್ಲ ಅಂತಲೂ ಅಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿಯಾದ ಗುಣಮಟ್ಟ ಪಾಲಿಸದೆ ಜೀವ ಹೋದರೆ, ಹೊಣೆ ಹೊತ್ತ ಇಲಾಖೆಗೋ ಗುತ್ತಿಗೆದಾರನಿಗೋ 1 ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವಕ್ಕೆ 1 ಲಕ್ಷ ತೀರಾ ಕಡಿಮೆ ಎಂದೇ ನನಗೆ ಅನಿಸುತ್ತದೆ. ನಮ್ಮ ಹುಡುಗನ ಕೇಸಿನಲ್ಲಿ ಆ ಕಲಂ ಕೂಡ ಇಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ನಿಮ್ಮ ಕಡೆ ಕ್ರಾಸಿನಲ್ಲಿ ಅಪಘಾತವಾದರೆ, ಪೊಲೀಸರು ಸ್ಥಳ ಮಹಜರು ಮಾಡುವಾಗ ಹತ್ತಿರ ನಿಲ್ಲಿ. ಬೋರ್ಡು ಇತ್ತಾ, ಗೆರೆ ಇತ್ತಾ, ಗಿಡ ಅಡ್ಡ ಇತ್ತಾ ಎಂದು ಬರೆಸಿ. ಅವತ್ತೇ ಫೋಟೋ ತೆಗೆದಿಡಿ. ನಾವು ತೆಗೆಯಲಿಲ್ಲ.