ನಾನೂರು ಮಂದಿ ಬಲ್ಲ ಗುಟ್ಟು

ನಮ್ಮ ಕಚೇರಿಯ ಹೆಬ್ಬಾಗಿಲಿನ ಕಾವಲುಗಾರರು ಮಹಾ ಕಟ್ಟುನಿಟ್ಟಿನವರು. ಹನ್ನೆರಡು ವರ್ಷಗಳಿಂದ ದಿನಕ್ಕೆರಡು ಬಾರಿ ನನ್ನ ಮುಖ ನೋಡುತ್ತಿರುವವರು, ಕೊರಳಲ್ಲಿ ಗುರುತಿನ ಚೀಟಿ ಇಲ್ಲದ ದಿನ ‘ತಾವು ಯಾರು ಸರ್?’ ಎಂದು ಕೇಳುತ್ತಾರೆ. ದಪ್ಪ ರಿಜಿಸ್ಟರ್ ಮುಂದಕ್ಕೆ ಸರಿಯುತ್ತದೆ: ಹೆಸರು, ವೇಳೆ, ಯಾರನ್ನು ಕಾಣಬೇಕು, ಬಂದ ಕಾರಣ, ಸಹಿ. ಕಾರಣದ ಕಾಲಂನಲ್ಲಿ ನಾನೊಮ್ಮೆ ‘ಸಂಬಳ’ ಎಂದು ಬರೆದಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ಓದಿದ್ದರಲ್ಲವೇ ಆಕ್ಷೇಪಿಸಲು.

ಇಷ್ಟನ್ನೂ ದಾಟಿ ಒಳಗೆ ಬಂದರೆ, ಸಭಾ ಕೊಠಡಿಯ ಬಿಳಿ ಹಲಗೆಯ ಮೇಲೆ ನಮ್ಮ ವೈಫೈ ಪಾಸ್‌ವರ್ಡ್ ಕಾಣುತ್ತಿತ್ತು. ಕೆಂಪು ಶಾಯಿ, ಎರಡು ಅಡಿಗೆರೆ, ಪಕ್ಕದಲ್ಲಿ ‘ಅಳಿಸಬೇಡಿ’. ಕಂಪನಿಯ ಹೆಸರು, ಒಂದು ಆ್ಯಟ್ ಚಿಹ್ನೆ, ಆಮೇಲೆ 123. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಎಂದು ಭದ್ರತಾ ಸುತ್ತೋಲೆ ಇದ್ದುದರಿಂದ ಅದು 124 ಆಯಿತು, 125 ಆಯಿತು. ಮೂರು ವರ್ಷಗಳಲ್ಲಿ 135ಕ್ಕೆ ಬಂದಿತು. ಕೊನೆಯ ಅಂಕಿಯನ್ನು ಒರೆಸಿ ಒರೆಸಿ ಹಲಗೆಯ ಆ ಒಂದು ಅಂಗುಲ ಮಾತ್ರ ಮಸುಕಾಗಿತ್ತು.

ಇಂಥ ಬುದ್ಧಿವಂತಿಕೆ ನಮಗಷ್ಟೇ ಮೀಸಲು ಎಂದುಕೊಳ್ಳಬೇಡಿ. 2014ರ ಫುಟ್‌ಬಾಲ್ ವಿಶ್ವಕಪ್ ಸಂದರ್ಭದಲ್ಲಿ ಬ್ರೆಜಿಲ್‌ನ ಭದ್ರತಾ ಕೇಂದ್ರದ ಚಿತ್ರವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಧಿಕಾರಿಯೊಬ್ಬರು ಗಂಭೀರವಾಗಿ ನಿಂತಿದ್ದಾರೆ. ಅವರ ಹಿಂದಿನ ಪರದೆಯ ಮೇಲೆ ಆ ಕೇಂದ್ರದ್ದೇ ವೈಫೈ ಪಾಸ್‌ವರ್ಡ್ ಸ್ಪಷ್ಟವಾಗಿ ಹೊಳೆಯುತ್ತಿದೆ. ನಮ್ಮ ಹಲಗೆಗೆ ಜಗತ್ತಿನ ಮಟ್ಟದಲ್ಲಿ ನೆಂಟರಿದ್ದಾರೆ.

ನಾನೂರು ಮಂದಿಗೆ ಗೊತ್ತಿರುವುದನ್ನು ಗುಟ್ಟು ಎನ್ನುವ ಧೈರ್ಯ ಕಚೇರಿಗಳಿಗೆ ಮಾತ್ರ ಇರುತ್ತದೆ. ಒಂದೇ ಪಾಸ್‌ವರ್ಡ್ ಎಲ್ಲರ ಕೈಯಲ್ಲಿದ್ದರೆ ವೈಫೈ ಪೆಟ್ಟಿಗೆ ಕೇಳುವುದು ‘ನಿನಗೆ ಆ ಮಾತು ಗೊತ್ತೇ?’ ಎಂದಷ್ಟೇ. ‘ನೀನು ಯಾರು?’ ಎಂದು ಅದು ಕೇಳುವುದೇ ಇಲ್ಲ. ಸಾಲದ್ದಕ್ಕೆ, ಡಬ್ಲ್ಯುಪಿಎ2 ಎಂಬ ವೈಫೈ ಬೀಗದ ಪದ್ಧತಿಯಲ್ಲಿ ಆ ಮಾತು ಗೊತ್ತಿದ್ದವನು, ಪಕ್ಕದವನ ಯಂತ್ರ ಜಾಲಕ್ಕೆ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡರೆ ಅವನ ಸಂವಹನವನ್ನೂ ಬಿಡಿಸಿ ನೋಡಬಹುದು. ಇನ್ನು ಕೆಲಸ ಬಿಟ್ಟು ಹೋಗುವವರು. ಅವರಿಂದ ಲ್ಯಾಪ್‌ಟಾಪ್, ಗುರುತಿನ ಚೀಟಿ, ಮೇಜಿನ ಖಾನೆಯ ಕೀಲಿ ಎಲ್ಲವನ್ನೂ ಹಿಂದಕ್ಕೆ ಪಡೆದು, ಏಳು ವಿಭಾಗಗಳ ಸಹಿ ಹಾಕಿಸಿಕೊಂಡು ಬೀಳ್ಕೊಡುತ್ತೇವೆ. ತಲೆಯೊಳಗಿನ ಪಾಸ್‌ವರ್ಡ್ ಹಿಂತಿರುಗಿಸಲು ಕಾಲಂ ಇಲ್ಲ. ಹೋದವರ ಫೋನ್ ಎದುರಿನ ರಸ್ತೆಯಲ್ಲಿ ಹಾದುಹೋಗುವಾಗಲೂ ನಮ್ಮ ಜಾಲಕ್ಕೆ ತಾನಾಗಿಯೇ ಅಂಟಿಕೊಳ್ಳುತ್ತದೆ. ರಾಜೀನಾಮೆ ಅಂಗೀಕಾರವಾದದ್ದು ಅದಕ್ಕೆ ಯಾರು ತಿಳಿಸಬೇಕು?

ತಮಾಷೆಯೆಂದರೆ, ನಮ್ಮಲ್ಲಿ ಕಟ್ಟುನಿಟ್ಟಾದ ತಪಾಸಣೆಗೆ ಒಳಗಾಗುವವರು ಅತಿಥಿಗಳು. ಅವರಿಗಾಗಿ ಬೇರೆ ಜಾಲ. ಮೊಬೈಲ್ ಸಂಖ್ಯೆ ಕೊಡಬೇಕು, ಒಟಿಪಿ ಬರಬೇಕು. ಸಿಗ್ನಲ್ ಇಲ್ಲದ ನೆಲಮಾಳಿಗೆಯ ಸಭಾಂಗಣದಲ್ಲಿ ಒಟಿಪಿ ಬರುವುದಿಲ್ಲ. ಅತಿಥಿ ಹತ್ತು ನಿಮಿಷ ಫೋನನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದು ಕೋಣೆಯೆಲ್ಲ ಸುತ್ತುತ್ತಾರೆ. ಕೊನೆಗೆ ಸ್ವಾಗತಕಾರಿಣಿ ಕನಿಕರಪಟ್ಟು ಸಿಬ್ಬಂದಿಯ ಪಾಸ್‌ವರ್ಡನ್ನೇ ಕಿವಿಯಲ್ಲಿ ಉಸುರುತ್ತಾರೆ.

ಆಡಳಿತ ಮಂಡಳಿ ಸುಮ್ಮನೆ ಕೂತಿರಲಿಲ್ಲ. ಮೊದಲ ಸುಧಾರಣೆಯಾಗಿ ಜಾಲದ ಹೆಸರನ್ನೇ ಬಚ್ಚಿಟ್ಟರು. ಬಚ್ಚಿಟ್ಟ ಹೆಸರಿನ ಜಾಲವನ್ನು ಹುಡುಕಬೇಕಾದ ಯಂತ್ರ ಹೋದಲ್ಲೆಲ್ಲ ಆ ಹೆಸರನ್ನೇ ಕೂಗಿ ಕರೆಯುತ್ತದೆ. ಹೀಗಾಗಿ ನಮ್ಮ ಗುಪ್ತನಾಮವನ್ನು ನಾನೂರು ಲ್ಯಾಪ್‌ಟಾಪ್‌ಗಳು ನಿಲ್ದಾಣ, ಹೋಟೆಲ್, ಆಸ್ಪತ್ರೆಗಳಲ್ಲಿ ಡಂಗುರ ಸಾರಿಕೊಂಡು ಬಂದವು.

ಎರಡನೆಯದು ಪಟ್ಟಿ. ಪ್ರತಿ ಯಂತ್ರಕ್ಕೂ ಜಾಲದಲ್ಲಿ ಅದನ್ನು ಗುರುತಿಸುವ, ಹನ್ನೆರಡು ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಪಟ್ಟಿಯಲ್ಲಿರುವ ವಿಳಾಸಗಳಿಗಷ್ಟೇ ಪ್ರವೇಶ ಎಂದು ಆದೇಶವಾಯಿತು. ಐಟಿ ವಿಭಾಗದ ಹುಡುಗ ಒಂದು ವಾರ ಮೇಜಿನಿಂದ ಮೇಜಿಗೆ ಅಲೆದು, ಸೊನ್ನೆಯೋ ಡಿ ಅಕ್ಷರವೋ ಎಂದು ಕಣ್ಣು ಕಿರಿದಾಗಿಸಿ, ಎಕ್ಸೆಲ್ ಹಾಳೆ ತುಂಬಿಸಿದ. ಜಾಲಕ್ಕೆ ಎಷ್ಟೇ ಗೂಢಲಿಪಿ ಹಾಕಿದ್ದರೂ ಈ ವಿಳಾಸ ಮಾತ್ರ ಗಾಳಿಯಲ್ಲಿ ಬಟಾಬಯಲಾಗಿಯೇ ಹೋಗುತ್ತದೆ, ಕೇಳಿಸಿಕೊಂಡವನು ಅದನ್ನು ತನ್ನ ಯಂತ್ರಕ್ಕೆ ತೊಡಿಸಬಹುದು ಎಂಬುದು ಹುಡುಗನಿಗೆ ಗೊತ್ತಿತ್ತು. ಹೇಳಿದರೆ ಕೇಳುವವರಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನ್‌ಗಳು ಒಂದೊಂದು ಜಾಲಕ್ಕೆ ಒಂದೊಂದು ಸುಳ್ಳು ವಿಳಾಸ ಹೇಳಲು ಕಲಿತವು. ಮಾಲೀಕನ ಜಾಡು ಯಾರೂ ಹಿಡಿಯಬಾರದೆಂಬ ಸದುದ್ದೇಶ. ನಿರ್ದೇಶಕರು ಹೊಸ ಫೋನ್ ಕೊಂಡರು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ವಿಳಾಸ ಪಟ್ಟಿಗೆ ಸೇರಿತು, ಫೋನ್ ಬೇರೆಯದನ್ನೇ ಹೇಳಿತು, ನಿರ್ದೇಶಕರು ಹೊರಗುಳಿದರು. ಪಟ್ಟಿಯ ಪದ್ಧತಿ ಅಂದು ಮಧ್ಯಾಹ್ನವೇ ರದ್ದಾಯಿತು. ಸಾವಿರ ತಾಂತ್ರಿಕ ವಾದಗಳಿಗೆ ಆಗದ ಕೆಲಸ ಒಂದು ಮುನಿಸಿನಿಂದ ಆಯಿತು.

‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎಂಬುದು ಆಗ ಕೇಳಿಬಂದ ಸಮಾಧಾನ. ಡಬ್ಲ್ಯುಇಪಿ ಎಂಬ ಮೊದಲ ವೈಫೈ ಬೀಗವನ್ನು ಸಂಶೋಧಕರು 2001ರಲ್ಲೇ ಮುರಿದು ತೋರಿಸಿದ್ದರು. ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸರಣಿ ಆಮೇಲೂ ಅದೇ ಬೀಗ ಹಾಕಿಕೊಂಡು ವ್ಯಾಪಾರ ನಡೆಸುತ್ತಿತ್ತು. ಏನೂ ಆಗಿರಲಿಲ್ಲ. 2007ರಲ್ಲಿ ನಾಲ್ಕೂವರೆ ಕೋಟಿಗೂ ಹೆಚ್ಚು ಕಾರ್ಡ್‌ಗಳ ವಿವರ ಕಳುವಾಗಿರುವುದನ್ನು ಪ್ರಕಟಿಸಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ತಿಳಿದಿಲ್ಲ.

ಅಂತೂ ಕೊನೆಗೆ ಸರಿಯಾದ ವಸ್ತುವೇ ಬಂತು. 802.1ಎಕ್ಸ್. ಜಾಲಕ್ಕೆ ಸೇರುವವರ ಗುರುತು ಕೇಳುವ, 2001ರಿಂದಲೂ ಲಭ್ಯವಿದ್ದ ಮಾನಕ. ಬಾಗಿಲವರೆಗೆ ಬರಲು ತುಸು ತಡವಾಯಿತು. ಇಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಗುರುತು. ಗೋಡೆಯ ವೈಫೈ ಪೆಟ್ಟಿಗೆ ತಾನು ತೀರ್ಮಾನ ಕೊಡದೆ ಒಳಗಿರುವ, ಗುರುತು ಪರಿಶೀಲಿಸುವ ರೇಡಿಯಸ್ ಸರ್ವರ್ ಅನ್ನು ಕೇಳುತ್ತದೆ. ಸರ್ವರ್ ಬಂದವನ ಗುರುತು ನೋಡಿ ಹೂಂ ಅನ್ನುತ್ತದೆ ಅಥವಾ ಊಹೂಂ ಅನ್ನುತ್ತದೆ. ಕೆಲಸ ಬಿಟ್ಟವನ ಒಂದು ಹೆಸರು ಹೊಡೆದುಹಾಕಿದರೆ ಮುಗಿಯಿತು, ಉಳಿದ ಮುನ್ನೂರ ತೊಂಬತ್ತೊಂಬತ್ತು ಮಂದಿಗೆ ತೊಂದರೆಯಿಲ್ಲ. ಇದರ ಚೆಂದವಿರುವುದು ಇನ್ನೊಂದು ಕಡೆ: ಸರ್ವರ್ ಕೂಡ ತಾನು ಅಸಲಿ ಎಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರ ತೋರಿಸಬೇಕು. ನಮ್ಮದೇ ಹೆಸರಿಟ್ಟುಕೊಂಡು ರಸ್ತೆಯಲ್ಲಿ ಯಾರೋ ನಕಲಿ ಜಾಲ ಹಬ್ಬಿಸಿದರೆ ಲ್ಯಾಪ್‌ಟಾಪ್‌ಗೆ ವ್ಯತ್ಯಾಸ ತಿಳಿಯುವುದು ಆ ಪತ್ರದಿಂದಲೇ.

ಅದನ್ನು ನಮ್ಮವರು ಜಾರಿಗೆ ತಂದ ಬಗೆಯನ್ನು ಚೌಕಟ್ಟು ಹಾಕಿಸಿ ಇಡಬೇಕು. ಸುತ್ತೋಲೆಯ ನಾಲ್ಕನೇ ಹಂತ ಹೀಗಿತ್ತು: ‘ಪ್ರಮಾಣಪತ್ರ ನಂಬಲರ್ಹವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಗಾಬರಿಯಾಗದೆ ನಂಬು ಎಂಬುದನ್ನು ಒತ್ತಿರಿ.’ ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಕಾವಲು; ಅದು ಬೊಗಳಿದರೆ ಗಮನಿಸಬೇಡಿ ಎಂದು ನಾನೂರು ಮಂದಿಗೆ ತರಬೇತಿ. ಈಗ ನಕಲಿ ಜಾಲ ಬಂದರೂ ನಾವು ಗಾಬರಿಯಾಗುವುದಿಲ್ಲ, ಒತ್ತುತ್ತೇವೆ. ಪಾಸ್‌ವರ್ಡ್ ಪರೀಕ್ಷಿಸಲು ನಾವು ಬಳಸುವ ಎಂಎಸ್‌ಚಾಪ್ ಎಂಬ ಹಳೆಯ ವಿಧಾನದಲ್ಲಿ ಹೀಗೆ ನಕಲಿ ಜಾಲದ ಕೈಗೆ ಸಿಕ್ಕ ಸಂಕೇತಗಳನ್ನು ಒಂದೇ ದಿನದಲ್ಲಿ ಒಡೆಯಬಹುದು ಎಂದು 2012ರಲ್ಲೇ ತೋರಿಸಲಾಗಿದೆ. ಪಾಸ್‌ವರ್ಡೇ ಬೇಡ, ಲ್ಯಾಪ್‌ಟಾಪ್‌ಗೂ ಒಂದು ಪ್ರಮಾಣಪತ್ರ ಕೊಡೋಣ, ಇಎಪಿ-ಟಿಎಲ್‌ಎಸ್ ಎನ್ನುತ್ತಾರೆ ಎಂದು ಐಟಿ ಹುಡುಗ ಸಭೆಯಲ್ಲಿ ಎದ್ದು ನಿಂತು ಹೇಳಿದ. ಅದಕ್ಕೊಂದು ಸಮಿತಿ ರಚನೆಯಾಗಿದೆ. ಹುಡುಗನನ್ನು ಅದಕ್ಕೆ ಸೇರಿಸಿಲ್ಲ.

ಉಳಿದದ್ದು ಪ್ರಿಂಟರ್. ನಮ್ಮಲ್ಲಿರುವ ಮೂರೂ ಹಳೆಯವು, ಅವಕ್ಕೆ 802.1ಎಕ್ಸ್ ತಿಳಿಯದು. ಇಂಥವಕ್ಕೆ ಯಂತ್ರಕ್ಕೊಂದರಂತೆ ಬೇರೆ ಬೇರೆ ಕೀಲಿ ಕೊಟ್ಟು, ಮುದ್ರಣ ಬಿಟ್ಟು ಇನ್ನೆಲ್ಲೂ ಕೈಹಾಕದಂತೆ ಬೇಲಿ ಕಟ್ಟಬಹುದು. ಅದು ಬಿಟ್ಟು ಹಳೆಯ ಜಾಲವನ್ನೇ ‘ಪ್ರಿಂಟರ್‌ಗಾಗಿ ಮಾತ್ರ’ ಎಂದು ಹೆಸರಿಸಿ ಉಳಿಸಿಕೊಂಡರು. ಪಾಸ್‌ವರ್ಡ್ 135ರಲ್ಲೇ ನಿಂತಿತು, ಏಕೆಂದರೆ ಪ್ರಿಂಟರಿನ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಆರಿಸಬೇಕು. ಹುಡುಗನ ಹೆಬ್ಬೆರಳು ಸೋತಿತ್ತು. ಹಲಗೆಯನ್ನು ವಿಧಿವತ್ತಾಗಿ ಒರೆಸಲಾಯಿತು.

ಕಳೆದ ವಾರ ಲೆಕ್ಕಪರಿಶೋಧಕರು ಬಂದಿದ್ದರು. ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತು ಇದೆಯೇ? ಇದೆ. ಟಿಕ್. ಎಚ್ಚರಿಕೆಯ ಸೂಚನೆಗಳಿವೆಯೇ? ಬೇಕಾದಷ್ಟಿವೆ. ಟಿಕ್. ವರದಿ ಕಳಿಸಲು ಅವರಿಗೆ ಇಂಟರ್‌ನೆಟ್ ಬೇಕಾಯಿತು, ಒಟಿಪಿ ಬರಲಿಲ್ಲ, ಸ್ವಾಗತಕಾರಿಣಿ ಪ್ರಿಂಟರ್ ಜಾಲಕ್ಕೆ ಸೇರಿಸಿಕೊಟ್ಟರು. ಸಂಜೆ ಹುಡುಗ ನನ್ನನ್ನು ಕರೆದು ತನ್ನ ಪರದೆ ತೋರಿಸಿದ. ಕಚೇರಿಯಲ್ಲಿರುವ ಪ್ರಿಂಟರ್‌ಗಳು ಮೂರು. ಪ್ರಿಂಟರ್ ಜಾಲದಲ್ಲಿರುವ ಯಂತ್ರಗಳು ನಾನೂರ ಹನ್ನೆರಡು. ಪಟ್ಟಿಯಲ್ಲಿ ನಿರ್ದೇಶಕರ ಫೋನೂ ಇತ್ತು, ನನ್ನದೂ ಇತ್ತು. ಏನು ಮಾಡುವುದು, ಅಲ್ಲಿ ವೇಗ ಚೆನ್ನಾಗಿದೆ.

ಮರುದಿನ ಗುರುತಿನ ಚೀಟಿ ಮರೆತು ಹೋದೆ. ಕಾವಲುಗಾರರು ‘ತಾವು ಯಾರು ಸರ್?’ ಎಂದು ರಿಜಿಸ್ಟರ್ ಮುಂದಿಟ್ಟರು. ಹೆಸರಿನ ಕಾಲಂನಲ್ಲಿ ‘ಪ್ರಿಂಟರ್’ ಎಂದು ಬರೆದು ಸಹಿ ಹಾಕಿದೆ. ಒಳಗೆ ಬಿಟ್ಟರು.