ಗುಂಡು ಹೊಡೆದವನಾರು, ಬಂಡೆ ಇಟ್ಟವನಾರು?

‘ಸ್ಟಾರ್ ವಾರ್ಸ್’ ಚಿತ್ರಕ್ಕೆ 2027ರಲ್ಲಿ ಐವತ್ತು ತುಂಬುತ್ತದೆ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಬಿಡುಗಡೆಯ ನಂತರವೂ ಮತ್ತೆ ಮತ್ತೆ ತಿದ್ದಿದ ಚಿತ್ರವಿದು. ಸಂಭ್ರಮಕ್ಕೆ ಅದನ್ನು 1977ರಲ್ಲಿ ಬಂದ ರೂಪದಲ್ಲೇ ಮತ್ತೆ ಥಿಯೇಟರಿಗೆ ತರುತ್ತಾರಂತೆ. ಎಂಥಾ ಔದಾರ್ಯ! ನಮ್ಮ ಮನೆಯಿಂದಲೇ ಹೊತ್ತೊಯ್ದ ಹಂಡೆಯನ್ನು ಬೆಳಗಿ ತಂದು ಬಾಡಿಗೆಗೆ ಕೊಡುವವರನ್ನು ಹಾಡಿ ಹೊಗಳಲೇಬೇಕು.

ಚಿತ್ರದಲ್ಲಿ ಗ್ರೀಡೊ ಎಂಬ ಬಾಡಿಗೆ ಬೇಟೆಗಾರ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೊನನ್ನು ಹಿಡಿಯಲು ಬಂದು ಎದುರು ಕೂರುತ್ತಾನೆ. 1977ರಲ್ಲಿ ಹ್ಯಾನ್ ಸೋಲೊ ಮೇಜಿನಡಿಯಿಂದಲೇ ಅವನನ್ನು ಸುಟ್ಟು, ಕಾಸು ಎಸೆದು ಎದ್ದು ಹೋದ. 1997ರ ಮರುಬಿಡುಗಡೆಯಲ್ಲಿ ನೋಡಿದರೆ ಮೊದಲು ಹೊಡೆದವನು ಗ್ರೀಡೊ. ಮೇಜಿನಾಚೆ ಕೂತವನಿಗೆ ಗುರಿ ತಪ್ಪಿದ ಮಹಾನ್ ಬೇಟೆಗಾರ! 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ. 2011ರ ಬ್ಲೂ-ರೇಯಲ್ಲಿ ಅಲ್ಲೇ ಇನ್ನಷ್ಟು ಫ್ರೇಮಿಗೆ ಕತ್ತರಿ. 2019ರಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ ಗ್ರೀಡೊ ಸಾಯುವ ಮುಂಚೆ ‘ಮಕ್ಲಂಕಿ’ ಅಂದ. ಸತ್ತು 42 ವರ್ಷಕ್ಕೆ ಹೊಸ ಮಾತು ಬಂತು. ನಮ್ಮ ಕೋರ್ಟುಗಳಲ್ಲಿ ಸಾಕ್ಷಿಗಳು ಉಲ್ಟಾ ಹೊಡೆಯುತ್ತಾರೆ. ಇಲ್ಲಿ ಕೊಲೆಯೇ ಹೇಳಿಕೆ ಬದಲಿಸುತ್ತಿದೆ.

ಇಂಥದ್ದನ್ನು ಹಿಡಿಯುವುದೂ ಒಂದು ಕಸುಬು. ಮೊದಲ ಪಾಠ: ಅವಧಿ ನೋಡಿ ಬೊಬ್ಬೆ ಹಾಕಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿವಿಡಿ ಓಡುವುದು 25. ಹಾಗಾಗಿ 121 ನಿಮಿಷದ ಚಿತ್ರ ಸುಮಾರು 116ಕ್ಕೇ ಮುಗಿಯುತ್ತದೆ, ದನಿಯೂ ಚೂರು ಕೀರಲು. ಕಳ್ಳತನ ಆಗಿಲ್ಲ, ಗಡಿಬಿಡಿ ಅಷ್ಟೆ. ಹಳೆಯ, ಹೊಸ ಆವೃತ್ತಿ ಎರಡನ್ನೂ ಒಂದೇ ವೇಗಕ್ಕೆ ತಂದು, ಚಕ್ಕನೆ ದೃಶ್ಯ ಬದಲಾಗುವ ಒಂದು ಕಟ್ ಹಿಡಿದು ಫ್ರೇಮಿಗೆ ಫ್ರೇಮು ಹೊಂದಿಸಿ. ಆಮೇಲೆ ಎಲ್ಲಾದರೂ ಜೋಡಿ ತಪ್ಪಿದರೆ, ಸರಿಯಿದ್ದ ಜಾಗಕ್ಕೂ ತಪ್ಪಿದ ಜಾಗಕ್ಕೂ ನಡುವೆ ಅರ್ಧರ್ಧ ಮಾಡುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಇಪ್ಪತ್ತು ನಿಮಿಷದ ಆಸುಪಾಸು ರೀಲು ಬದಲಾಗುವಲ್ಲಿ ನಾಲ್ಕಾರು ಫ್ರೇಮು ಕಾಣೆಯಾದರೆ ನಿರ್ದೇಶಕರನ್ನು ಬೈಯಬೇಡಿ. ಅದು ಪ್ರಿಂಟು ಹರಿದು ಅಂಟಿಸಿದ ಸವಕಳಿ.

ದೃಶ್ಯದೊಳಗಿನ ಕೈಚಳಕಕ್ಕೆ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಇಟ್ಟು ಮೇಲಿನದನ್ನು ‘ಡಿಫರೆನ್ಸ್’ಗೆ ಹಾಕಿ. ಒಂದೇ ಇದ್ದದ್ದೆಲ್ಲ ಕಪ್ಪು, ಬದಲಾದದ್ದು ಬೆಳಗುತ್ತದೆ. ಆದರೆ ಬಣ್ಣ, ಗ್ರೇನು (ಫಿಲ್ಮಿನ ಸಣ್ಣ ಕಾಳು) ಬೇರೆಯಾದರೂ ಪರದೆ ತುಂಬ ಮಿಣಮಿಣ. ಅದಕ್ಕೇ ಮೊದಲು ಎರಡನ್ನೂ ಕಪ್ಪು-ಬಿಳುಪು ಮಾಡಿ, ಚೂರು ಮಸುಕು ಮಾಡಿ, ಅಂಚನ್ನು ಒಂದೇ ಅಳತೆಗೆ ತನ್ನಿ. ಆಗ 2011ರಲ್ಲಿ ಬಂಡೆಸಂದಿಯಲ್ಲಿ ಅಡಗಿದ ಆರ್‌ಟೂ-ಡಿಟೂ ಎಂಬ ರೋಬೊ ಮುಂದೆ ದಿಢೀರನೆ ಹುಟ್ಟಿದ ಬಂಡೆಗಳು ಹೊಳೆಯುತ್ತವೆ. ಅಷ್ಟು ಬಂಡೆ ದಾಟಿ ಆ ಡಬ್ಬ ಒಳಗೆ ಹೇಗೆ ಹೋಯಿತು ಅಂತ ಕೇಳಬೇಡಿ. ಕಪ್ಪು-ಬಿಳುಪಿನಲ್ಲಿ ಬಣ್ಣದ ಎಡವಟ್ಟು ತಪ್ಪಿಸಿಕೊಳ್ಳುತ್ತದೆ. 2004ರ ಡಿವಿಡಿಯಲ್ಲಿ ನಾಯಕ ಲ್ಯೂಕನ ನೀಲಿ ಬೆಳಕಿನ ಕತ್ತಿ ಹಸಿರಿಗೆ ತಿರುಗಿದ್ದನ್ನು ಬರಿಗಣ್ಣಲ್ಲೇ ನೋಡಬೇಕು. ದನಿಯನ್ನೂ ಬೇರೆಯಾಗಿಯೇ ಹೋಲಿಸಿ. ಅದೇ ಡಿಸ್ಕಿನಲ್ಲಿ ಹಿಂಬದಿ ಸ್ಪೀಕರಿನ ಸಂಗೀತ ಎಡಬಲ ಅದಲುಬದಲಾಗಿತ್ತು.

ಹಳೆಯದೇ ಬೇಕು ಎಂದು ಗಂಟಲು ಹರಿದುಕೊಂಡವರಿಗೆ 2006ರಲ್ಲಿ ಪ್ರಸಾದ ಸಿಕ್ಕಿತು. 1993ರ ಲೇಸರ್‌ಡಿಸ್ಕಿಗೆ (ಡಿವಿಡಿಗೂ ಮೊದಲಿನ ದೊಡ್ಡ ವಿಡಿಯೊ ತಟ್ಟೆ) ಮಾಡಿದ್ದ ಮಾಸ್ಟರನ್ನೇ ಬೋನಸ್ ಡಿಸ್ಕಿಗೆ ತುರುಕಿದ್ದರು. ಅಗಲ ಪರದೆಗೆ ಹೊಂದಿಸಿರಲೂ ಇಲ್ಲ. ಮೇಲೆ ಕೆಳಗಿನ ಕಪ್ಪುಪಟ್ಟಿ ಕಳೆದು, ಅಮೆರಿಕದ ಡಿಸ್ಕಿನ 480 ಗೆರೆಯಲ್ಲಿ ಚಿತ್ರಕ್ಕೆ ಉಳಿದದ್ದು ಸುಮಾರು 270. ಹೊಸದು ಥಳಥಳ, ಹಳೆಯದು ಅಂಚೆಚೀಟಿ.

ಇದೇ ಜಾರ್ಜ್ ಲ್ಯೂಕಾಸ್ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಎದುರು ಕೂತು, ಹಳೆಯ ಚಿತ್ರಗಳನ್ನು ತಿದ್ದುವವರು ಅನಾಗರಿಕರು ಎಂದು ಬೈದಿದ್ದರು. ಆಗ ತಕರಾರು ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಬಳಿಯುವುದರ ಬಗ್ಗೆ. ನಾವು ನಗುವ ಹಾಗಿಲ್ಲ ಬಿಡಿ. 2008ರಲ್ಲಿ ಬಣ್ಣ ಬಳಿಯಲು ನಮಗೆ ಸಿಕ್ಕವನು ಯಾರು? ಸತ್ಯ ಹರಿಶ್ಚಂದ್ರ!

ತಮಾಷೆ ಸಾಕು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಮೊದಲ ಕಂತಿನಲ್ಲೇ ಸೇರಿದ ಚಿತ್ರವಿದು. ಅದನ್ನು ಅದರದೇ ರೂಪದಲ್ಲಿ ಒಳ್ಳೆಯ ಡಿಸ್ಕಾಗಿ ದುಡ್ಡು ಕೊಟ್ಟು ಕೊಳ್ಳಲು ದಶಕಗಟ್ಟಲೆ ಆಗಲಿಲ್ಲ. ಕಡೆಗೆ ಅಭಿಮಾನಿಗಳೇ ಹಳೆಯ 35 ಎಂಎಂ ಪ್ರಿಂಟು ಹುಡುಕಿ, ಸ್ಕ್ಯಾನ್ ಮಾಡಿ, ಗೀರು ಕಲೆಗಳನ್ನು ಒರೆಸುತ್ತಾ ಕೂತರು. ಸಂಬಳವಿಲ್ಲ, ಅನುಮತಿಯೂ ಇಲ್ಲ. ಹಕ್ಕುಸ್ವಾಮ್ಯದ ಕಾನೂನಿಗೆ ತಪ್ಪಿತಸ್ಥರಾಗಿ ಕಾಣುವುದು ಇವರೇ.