ಎಂಡ್ರಿನ್ನೂ ಗದ್ದೆ ಏಡಿಯೂ

ನಿನ್ನೆ ಸಾಗರದ ಕಡೆಯ ನೆಂಟರೊಬ್ಬರು ಊಟಕ್ಕೆ ಬಂದಿದ್ದರು. ಏಡಿ ಸಾರು ಬಡಿಸಿದೆವು. "ಗದ್ದೆ ಏಡಿ ಅಲ್ವಲ್ಲ ಮಾರಾಯ? ಹಂದಿಗೋಡು ಕಾಯಿಲೆ ಬಂದೀತು!" ಅಂದರು. ತಮಾಷೆಗೇ ಅಂದಿದ್ದು. ಆದರೂ ಐವತ್ತು ವರ್ಷದಿಂದ ಈ ಮಾತು ಬದುಕಿದೆ ನೋಡಿ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದು ಜನ ನಡೆಯಲಾಗದೆ ಕೂತದ್ದು ಬೆಳಕಿಗೆ ಬಂದಿದ್ದು 1970ರ ದಶಕದ ನಡುವೆ. ಹೆಚ್ಚಿನವರು ದಲಿತರು. ಗದ್ದೆಗೆ ಹೊಡೆದ ಎಂಡ್ರಿನ್, ಪ್ಯಾರಾಥಿಯಾನ್ ಎಂಬ ಹುಳದ ಔಷಧಿಗಳು ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಅಂತ ಮೊದಲು ಅನುಮಾನ ಬಂತು. ಆಮೇಲಿನ ಸಂಶೋಧನೆಯಲ್ಲಿ ಗೊತ್ತಾಗಿದ್ದೇ ಬೇರೆ. ಇದು ವಂಶದಲ್ಲಿ ಬರುವ ಮೂಳೆ-ಕೀಲಿನ ಕಾಯಿಲೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು.

ನಾನೂ ವರ್ಷಗಟ್ಟಲೆ ಎಂಡ್ರಿನ್ ಅಂತಲೇ ವಾದ ಮಾಡಿದವನು. ತಪ್ಪು ನನ್ನದೇ. ಬಡವರು ತಿನ್ನುವ ಏಡಿಯ ಮೇಲೆ ಸುಮ್ನೆ ಅಪವಾದ ಹೊರಿಸಿದ ಹಾಗಾಯಿತು. ಆದರೆ ಈಗ ಕೆಲವರು ಉಲ್ಟಾ ಹೊಡೆಯುತ್ತಾರೆ: "ನೋಡಿ, ಔಷಧಿಯದ್ದೇನೂ ತಪ್ಪಿರಲಿಲ್ಲ." ಇದು ಮಾತ್ರ ನನಗೆ ಸಿಟ್ಟು ತರಿಸುತ್ತದೆ.

ಎಂಡ್ರಿನ್ ಮಾಡದ ತಪ್ಪು ಹಂದಿಗೋಡಿನದ್ದು. ಮಾಡಿದ್ದು ಬೇಕಾದಷ್ಟಿದೆ. ಅದು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಉಳಿಯಬಲ್ಲದು. ನೀರಿನಲ್ಲಿ ಕರಗೋದು ಕಡಿಮೆ. ಮಣ್ಣಿಗೆ ಅಂಟಿಕೊಂಡು, ನಮ್ಮಂಥ ಮಳೆಗೆ ಆ ಮಣ್ಣಿನ ಜೊತೆಗೇ ಹಳ್ಳಕ್ಕಿಳಿಯುತ್ತದೆ. ಮೀನಿಗಂತೂ ಚೂರು ತಾಗಿದರೆ ಸಾಕು. 1963ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ರಾಶಿ ರಾಶಿ ಮೀನು ಸತ್ತಾಗ ಸಿಕ್ಕಿಬಿದ್ದಿದ್ದು ಇದೇ. ಮನುಷ್ಯನ ಮೈ ಸೇರಿದರೆ ನರಕ್ಕೇ ಹೊಡೆತ, ಫಿಟ್ಸ್ ಬರುತ್ತದೆ. ನಮ್ಮ ಅಜ್ಜ ಕೈಗೆ ಏನೂ ಹಾಕಿಕೊಳ್ಳದೆ, ಬರೀ ಕೋಲಿನಲ್ಲಿ ಕಲೆಸಿ ಹೊಡೆಯುತ್ತಿದ್ದರಂತೆ. ಮೀನಿನ ಆಸೆಗೆ ಹಳ್ಳದ ಗುಂಡಿಗೆ ಸುರಿದವರ ಕಥೆಯೂ ಊರಲ್ಲಿ ಉಂಟು.

ಭಾರತದಲ್ಲಿ ಅದು ನಿಷೇಧವಾಗಿದ್ದು 1990ರಲ್ಲಿ. ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ದೇಶಗಳು 2001ರಲ್ಲಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಮೊದಲ 12 ವಿಷಗಳಲ್ಲಿ ಇದೂ ಒಂದು. ನಮ್ಮಲ್ಲಿ ವಯಸ್ಸಾದವರ ಬಾಯಲ್ಲಿ ಇವತ್ತಿಗೂ ಯಾವ ವಿಷವಾದರೂ ಎಂಡ್ರಿನ್ನೇ.

ನೆಂಟರಿಗೆ ಇದನ್ನೆಲ್ಲ ಹೇಳಿದೆ. "ಹಂಗಾರೆ ತಿನ್ನಬಹುದು" ಅಂತ ಎರಡು ಸಲ ಹಾಕಿಸಿಕೊಂಡರು. ಏಡಿ ನಮ್ಮ ಹಳ್ಳದ್ದೇ. ಹಳ್ಳದ ಮೇಲ್ಗಡೆ ಎರಡು ವರ್ಷದಿಂದ ಶುಂಠಿ ಹಾಕಿದ್ದಾರೆ. ಅಲ್ಲಿಗೆ ಏನೇನು ಹೊಡೆಯುತ್ತಾರೆ ಅಂತ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.